ಎರಡು ಡಬ್ಬಿ

ಎರಡೂ ಸ್ಟೀಲಿನವು. ಎರಡೂ ಒಂದೇ ಅಳತಿ.
ಯಾದಗಿರಿಯ ಭಾಂಡಿ ಅಂಗಡ್ಯಾಗ ಒಂದೇ ದಿನ ತಗೊಂಡಿದ್ದು.
ಜೋಡಿ ಒಯ್ದ್ರ ಇಪ್ಪತ್ತು ರೂಪಾಯಿ ಕಮ್ಮಿ ಅಂದಿದ್ದ ಸೇಟು.
ಒಂದು ಮಗಳಿಗೆ, ಸಾಲಿಗೆ.
ಒಂದು ನನಗ, ಟೇಶನ್ನಿಗೆ.

ನನ್ನ ಡಬ್ಬ್ಯಾಗ ರೊಟ್ಟಿ ಇರೂದಿಲ್ಲ.

ಮೊದಲು ಚೀಲದಾಗ ಒಯ್ತಿದ್ದೆ.
ಒಂದ್ ರಾತ್ರಿ ಪೊಲೀಸಪ್ಪ ಚೀಲ ಕೊಡವಿ
ಪರಸಿ ಮ್ಯಾಲ ಪಾಕೀಟು ಹರವಿ ಎಣಿಸಿದ.
"ಇಷ್ಟು ಮಂದಿ ಏನಲೇ ದಿನಕ್ಕ?"
ಸರಕಾರದ ಮಾಲು ಸಾಹೇಬ್ರ, ಹಂಚಾಕ ಕೊಟ್ಟಾರ,
ಅಂತ ಗುರುತಿನ ಚೀಟಿ ತೋರಿಸಿದೆ.
ಕಪಾಳಕ್ಕ ಬಿದ್ದದ್ದೂ ಸರಕಾರದ್ದೇ ಕೈ.

ಅವತ್ತಿನಿಂದ ಡಬ್ಬಿ.
ಬುತ್ತಿ ಅಂದ್ರ ಯಾರೂ ಬಿಚ್ಚಿ ನೋಡಂಗಿಲ್ಲ.
ಹೆಣ್ಣಮಗಳ ಬುತ್ತಿಗೆ ಇರೋ ಮರ್ಯಾದಿ
ಹೆಣ್ಣಮಗಳಿಗಿಲ್ಲ.

ಮಂಗಳವಾರ ನಳ ತಡಾಗಿ ಬಂತು.
ಕೊಡ ತುಂಬೂ ಗದ್ದಲದಾಗ
ಯಾವ ಡಬ್ಬಿ ಯಾರ ಕೈಗೆ ಕೊಟ್ಟೆನೋ.

ಟೇಶನ್ ಹಿಂದಿನ ಬೇವಿನ ಗಿಡದ ಬುಡಕ ಮೂರು ಮಂದಿ ಕಾಯ್ತಿದ್ರು.
ದೇವಕೆಮ್ಮ: ಕಿಬ್ಬೊಟ್ಟಿ ನೋವು, ಮೂರು ವಾರ ಆತು.
"ದವಾಖಾನಿಗೆ ಒಬ್ಳೇ ಒಲ್ಲೆ ಯಕ್ಕ,
ಆ ನರ್ಸಮ್ಮ ಆ ತುದಿಯಿಂದ ಒದರ್ತಾಳ,
ಆ ಲೈನಿನವ್ರು ಆಮ್ಯಾಲ ಬರ್ರಿ ಅಂತ."
ಲಾಲಬಿ: ಮಾತ್ರಿ ಬಾಟಲ್ಯಾಗ ಹತ್ತಿ ತುರುಕಿದಾಕಿ,
ಓಣ್ಯಾಗ ನಡದ್ರ ಗಲಗಲ ಅನಬಾರದು.
ಆಧಾರಿನ್ಯಾಗ ಹುಸೇನಪ್ಪ, ನಮ್ಮ ಬಾಯಾಗ ಹಸೀನಾ:
ಮುಂದಿನ ಹಲ್ಲು ಮುರದಿತ್ತು.
ರೊಕ್ಕ ಕೇಳಿದ್ದಕ್ಕಲ್ಲ.
ಮೊದಲು ಪಾಕೀಟು ಹರಿ ಅಂದಿದ್ದಕ್ಕ.

ಡಬ್ಬಿ ಬಿಚ್ಚಿದೆ.
ಎರಡು ಜ್ವಾಳದ ರೊಟ್ಟಿ, ನಾಕು ಮಡಿಕಿ ಮಡಚಿದ್ದು.
ಪುಂಡಿಪಲ್ಯ. ಶೇಂಗಾಹಿಂಡಿ.
ಮೂಲ್ಯಾಗ ಒಂದು ತುಣುಕು ಬೆಲ್ಲ.

ಹಸೀನಾ ಮುರದ ಹಲ್ಲಿನ್ಯಾಗೇ ನಕ್ಕಳು:
"ಯಕ್ಕ, ಇದನ್ನ ಹೆಂಗ ಹಾಕೂದು ತೋರಸು!"
ದೇವಕೆಮ್ಮ ಹೊಟ್ಟಿ ಹಿಡಕೊಂಡಳು, ನಗಿಗೋ ನೋವಿಗೋ.
ನನಗ ಕಾಲಾಗಿನ ಬಲ ಇಳಿದಿತ್ತು.

ಹತ್ತೂವರಿ. ಸಾಲ್ಯಾಗ ಒಂದಕ್ಕ ಉಣ್ಣಾಕ ಬಿಡ್ತಾರ.
ಆಟೋ ಹಿಡದ್ರ ಹದಿನೈದು ನಿಮಿಷ.
ಆದ್ರ ಗೇಟಿನ ಮುಂದ ಐಸ್‌ಕ್ಯಾಂಡಿ ಮಾರಾಂವ
ನನ್ನ ಗುರುತು ಹಿಡಿತಾನ.
ನನಗೂ ಅವನ ಗುರುತದ.
ಒಂಬತ್ತನೇತ್ತದ ತನಕ ಆ ಗೇಟಿಗೆ ನಾ ಹೋದಾಕಿ ಅಲ್ಲ,
ಅವತ್ತೂ ಹೋಗಲಿಲ್ಲ.

ದೇವಕೆಮ್ಮನ ಕೈ ಹಿಡಕೊಂಡು ದವಾಖಾನಿಗೆ ಹೋದೆ.
ನರ್ಸಮ್ಮ ಒದರಿದಳು.
ಆಕಿಗೊಂದು ಹೆಸರದ ರೀ, ಚೀಟಿ ಓದ್ರಿ, ಅಂದೆ.
ನನ್ನ ದನಿ ನಡುಗಿದ್ದು ಆಕಿಗೆ ಕೇಳಿಸಿರಬೇಕು.
ಓದಿದಳು. ತಪ್ಪು ಓದಿದಳು, ಖರೆ.
ಆದ್ರೂ ಓದಿದಳು.

ಗ್ವಾಡಿ ಗಡಿಯಾರದಾಗ ಒಂದು ಆತು.
ಖಾಲಿ ಹೊಟ್ಟೀಲೆ ಮಾತ್ರಿ ನುಂಗಬಾರದು ಅಂದಾರ ಡಾಕ್ಟರು.
ಮಗಳ ರೊಟ್ಟಿ ದೇವಕೆಮ್ಮನ ಮುಂದ ಇಟ್ಟೆ.
ಆಕಿ ಬೆಲ್ಲ ಮೊದಲು ತಿಂದಳು, ಸಣ್ಣ ಹುಡುಗರಂಗ.

ಸಂಜಿ ಭವಾನಿ ಬಂದಳು.
ಪಾಟಿಚೀಲ ಮಳಿಗೆ ತೂಗಿಹಾಕಿದಳು.
ಡಬ್ಬಿ ಒಲಿ ಬಾಜೂಕ ಇಟ್ಟಳು. ಮುಚ್ಚಳ ಬಿಗಿ.
ಉಂಡ್ಯೇನವ್ವ? ಅಂದೆ.
"ನೀರು ಕುಡದೆ."
ಬಿಚ್ಚಿದ್ದೇನು, ಅನ್ನೂ ಮಾತು
ನಾಲಿಗಿ ತುದಿಗೆ ಬಂದು ಕುಂತಿತು.
ಎಬ್ಬಿಸಲಿಲ್ಲ.
ಅನ್ನಕ್ಕ ಎಸರಿಟ್ಟೆ.

ರಾತ್ರಿ ಕರ್ ಕರ್ ಸಪ್ಪಳ.
ಹೆಗ್ಗಣ ಅಂದ್ಕೊಂಡು ಎದ್ದು ನೋಡಿದ್ರ
ಮೊಬೈಲ್ ಬೆಳಕಿನ್ಯಾಗ ಮಗಳು
ಕೈವಾರದ ಮೊನಿಲಿಂದ ಮುಚ್ಚಳ ಗೀರಾಕತ್ಯಾಳ.
ಒಂದರ ಮ್ಯಾಲ: ನಂದು.
ಇನ್ನೊಂದರ ಮ್ಯಾಲ: ನಿಂ

"ಮೂವತ್ತಾರ ಅದಾವ," ತಲಿ ಎತ್ತದೇ ಅಂದಳು,
"ಎಣಿಸೀನಿ. ಒಂದೂ ಕಡಿಮಿ ಆಗಿಲ್ಲ."
'ದು' ಬರದು ಮುಗಿಸಿ ಊಫ್ ಅಂತ ಪುಡಿ ಊದಿದಳು.
"ನನ್ನ ರೊಟ್ಟಿ ಯಾರು ತಿಂದ್ರು?"